ಸ್ಪೇಯಿನಿನ ಅಪರಾಹ್ಣ

ಗಡಿಯಾರದ ಮುಳ್ಳು ನಮ್ಮ ಮನೆಗಳನ್ನು ಆಳತೊಡಗುವುದಕ್ಕೆ ಬಹುಕಾಲ ಮೊದಲೇ ನಮ್ಮ ಧರ್ಮಶಾಸ್ತ್ರಕಾರರು ಹಗಲನ್ನು ಐದು ಸಮಭಾಗಗಳಾಗಿ ಹಂಚಿದ್ದರು. ಪ್ರಾತಃಕಾಲ, ಸಂಗವ, ಮಧ್ಯಾಹ್ನ, ಅಪರಾಹ್ಣ, ಸಾಯಾಹ್ನ ಎಂಬುವೇ ಆ ಐದು. ಒಂದೊಂದಕ್ಕೂ ಮೂರು ಮುಹೂರ್ತಗಳ ಅವಧಿ. ಈ ಐವರಲ್ಲಿ ಅಪರಾಹ್ಣಕ್ಕೆ ಹೊಗಳುಭಟರು ಕಡಮೆ. ಪ್ರಭಾತವನ್ನು ವರ್ಣಿಸದ ಕವಿಯಿಲ್ಲ. ಸಂಧ್ಯಾರಾಗವನ್ನು ಹಾಡದ ಗಾಯಕನಿಲ್ಲ. ಊಟ ಮುಗಿದು, ಬೀದಿ ನಿಶ್ಶಬ್ದವಾಗಿ, ಗೋಡೆಯ ನೆರಳು ಅಂಗಳಕ್ಕೆ ಕಾಲಿಡುವ ಆ ಹೊತ್ತನ್ನು ಮಾತ್ರ ಕೇಳುವವರಿಲ್ಲ. ಆದರೆ ಶಾಸ್ತ್ರಕಾರರು ಅದನ್ನು ಮರೆಯಲಿಲ್ಲ. ಪಾರ್ವಣ ಶ್ರಾದ್ಧಕ್ಕೆ ಅವರು ವಿಧಿಸಿದ ಕಾಲವು ಅಪರಾಹ್ಣವೇ. ಅಗಲಿಹೋದವರನ್ನು ನೆನೆಯುವುದಕ್ಕೆ ತಕ್ಕ ಹೊತ್ತು ಇದೇ ಎಂದು ಅವರು ಹೇಗೆ ಕಂಡುಕೊಂಡರೋ, ಅದು ನಮಗೆ ಈಚಿನವರೆಗೂ ಅರ್ಥವಾಗಿರಲಿಲ್ಲ. ಅದನ್ನು ಅರ್ಥಮಾಡಿಸಿಕೊಟ್ಟವರು ಯಾವ ಪಂಡಿತರೂ ಅಲ್ಲ. ಸಮುದ್ರಗಳಾಚೆಯ ಸ್ಪೇಯಿನ್ ದೇಶದ ಕೆಲವರು ಚಿತ್ರಗಾರರು ಎಂದರೆ ವಾಚಕರಿಗೆ ಆಶ್ಚರ್ಯವಾದೀತು.

ನಾವು ಸ್ಪೇಯಿನ್ ದೇಶವನ್ನು ಕಂಡವರಲ್ಲ. ಪಾಠಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ದೊರೆತ ವಿರಾಮದಲ್ಲಿ, ಮಗಳ ಮನೆಯ ಗಣಕಯಂತ್ರದ ಪರದೆಯ ಮೇಲೆಯೂ, ಎರವಲು ತಂದ ಚಿತ್ರಸಂಪುಟಗಳಲ್ಲಿಯೂ ಆ ದೇಶದ ಚಿತ್ರಗಳನ್ನು ನೋಡುತ್ತ ಬಂದವರು. ನೋಡಿದಷ್ಟೂ ಒಂದು ಸಂಗತಿಯು ಮನಸ್ಸಿನಲ್ಲಿ ನಾಟಿತು. ಅಲ್ಲಿಯ ಕಲಾವಿದರು ಕಳೆದ ನೂರು ಚಿಲ್ಲರೆ ವರ್ಷಗಳಿಂದ, ಒಬ್ಬರಾದ ಮೇಲೊಬ್ಬರು, ಅಪರಾಹ್ಣದ ಬೆಳಕನ್ನು ಬಿಡದೆ ಹಿಂಬಾಲಿಸಿರುವರು. ಇದಕ್ಕೆ ಕಾರಣವೇನೆಂದು ವಿಚಾರಿಸುವುದಾದರೆ ಮೊದಲು ಆ ದೇಶದ ಸೂರ್ಯನನ್ನೂ, ಆಮೇಲೆ ಅಲ್ಲಿಯ ಗಡಿಯಾರವನ್ನೂ ವಿಚಾರಿಸಬೇಕು.

ಗ್ರೀನಿಚ್ ಮಧ್ಯರೇಖೆಯು ಸ್ಪೇಯಿನಿನ ಪೂರ್ವಭಾಗದಲ್ಲಿ ಹಾದುಹೋಗುವುದು. ದೇಶದ ಬಹುಭಾಗವು ಆ ರೇಖೆಯಿಂದ ಪಶ್ಚಿಮಕ್ಕೇ ಇರುವುದು. ಆದುದರಿಂದ ಗ್ರೀನಿಚ್ ಕಾಲವೇ ಅದಕ್ಕೆ ಸಹಜವಾದುದು. ಆದರೆ 1940ರಲ್ಲಿ ಅಲ್ಲಿಯ ಸರಕಾರವು ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಮಧ್ಯ ಯೂರೋಪಿನ ಕಾಲಕ್ಕೆ ಹೊಂದಿಸಿತು. ಆ ಏರ್ಪಾಡು ಇಂದಿಗೂ ಬದಲಾಗಿಲ್ಲ. ಬೇಸಗೆಯಲ್ಲಿ ಇನ್ನೂ ಒಂದು ಗಂಟೆ ಸೇರುವುದು. ಇದರ ಫಲವಾಗಿ ಜೂನ್ ತಿಂಗಳಲ್ಲಿ ಮ್ಯಾಡ್ರಿಡ್ ನಗರದ ನೆತ್ತಿಯ ಮೇಲೆ ಸೂರ್ಯನು ಬರುವಾಗ ಗಡಿಯಾರವು ಎರಡೂಕಾಲು ದಾಟಿರುವುದು. ಊಟವು ಎರಡಕ್ಕೋ ಮೂರಕ್ಕೋ. ಸೂರ್ಯಾಸ್ತವು ಹತ್ತಕ್ಕೆ ಹತ್ತು ಹನ್ನೆರಡು ನಿಮಿಷಗಳಿರುವಾಗ. ಊಟದಿಂದ ಕತ್ತಲೆಯವರೆಗಿನ ಈ ದೀರ್ಘಕಾಲವನ್ನೆಲ್ಲ ಅವರು ‘ತಾರ್ದೆ’ ಎಂಬ ಒಂದೇ ಮಾತಿನಿಂದ ಕರೆಯುವರು. ಆ ದಿನಗಳಲ್ಲಿ ಸೂರ್ಯೋದಯವು ಆರೂಮುಕ್ಕಾಲರ ಸುಮಾರಿಗೆ ಆಗುವುದರಿಂದ, ಹಗಲಿಗೆ ಹದಿನೈದು ಗಂಟೆಗಳಾದುವು. ನಮ್ಮ ಹಿರಿಯರ ಲೆಕ್ಕದಂತೆ ಅದನ್ನು ಐದಾಗಿ ಹಂಚಿದರೆ, ಮ್ಯಾಡ್ರಿಡ್ಡಿನ ಅಪರಾಹ್ಣವು ಮೂರೂಮುಕ್ಕಾಲಿಗೆ ಮೊದಲಾಗಿ ಆರೂಮುಕ್ಕಾಲಿಗೆ ಮುಗಿಯುವುದು. ಈ ಮೂರು ಗಂಟೆಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಇದರ ಪ್ರಯೋಜನವು ತಿಳಿಯುವುದು.

ಊಟವಾದ ಮೇಲಿನ ನಿದ್ದೆಗೆ ಆ ಜನರು ‘ಸಿಯೆಸ್ತಾ’ ಎನ್ನುವರು. ಇದು ಲ್ಯಾಟಿನ್ ಭಾಷೆಯಲ್ಲಿ ‘ಆರನೆಯ ಹೊರೆ’ ಎಂಬರ್ಥದ ಮಾತಿನಿಂದ ಹುಟ್ಟಿದ್ದು. ರೋಮನರು ಸೂರ್ಯೋದಯದಿಂದ ಗಂಟೆಗಳನ್ನೆಣಿಸುತ್ತಿದ್ದುದರಿಂದ ಆರನೆಯದೆಂದರೆ ನಡುಹಗಲು. ನಮ್ಮ ‘ಹೋರಾ’ ಶಬ್ದವೂ ಯವನರಿಂದಲೇ ಬಂದುದೆಂದು ವಿದ್ವಾಂಸರು ಹೇಳುವರಾಗಿ, ಈ ಹೊರೆ ನಮಗೆ ತೀರ ಪರಕೀಯವಲ್ಲ. ಇಂದು ದೊಡ್ಡ ಊರುಗಳ ಕಚೇರಿಗಳಲ್ಲಿ ದುಡಿಯುವ ಬಹುಮಂದಿ ಸ್ಪ್ಯಾನಿಷರಿಗೆ ಈ ನಿದ್ದೆಯು ಹೆಸರಿಗೆ ಮಾತ್ರ ಉಳಿದಿರುವುದು. ಆದರೆ ಹಳ್ಳಿಗಳಲ್ಲಿಯೂ ದಕ್ಷಿಣದ ಊರುಗಳಲ್ಲಿಯೂ ಬೇಸಗೆಯ ಅಪರಾಹ್ಣದಲ್ಲಿ ಕಿಟಕಿಯ ಪರದೆಗಳು ಇಳಿದು, ಅಂಗಡಿಗಳು ಮುಚ್ಚಿ, ಬೀದಿಗಳು ಬರಿದಾಗುವುದುಂಟು. ಸೆವಿಲ್ ನಗರದ ಕಿರುಬೀದಿಗಳಿಗೆ ಅಡ್ಡಲಾಗಿ ಮಾಳಿಗೆಯಿಂದ ಮಾಳಿಗೆಗೆ ಬಟ್ಟೆಯ ಚಪ್ಪರಗಳನ್ನೆಳೆದು ನೆರಳು ಮಾಡುವರು.

ಆರನೆಯ ಹೊರೆ ಎಂದೊಡನೆ ನಮಗೆ ನಮ್ಮದೇ ಒಂದು ಹಳೆಯ ಕಥೆಯು ನೆನಪಾಗುವುದು. ನಾವು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಊಟದ ಬಿಡುವಿನ ಮೇಲಿನ ಪಾಠವೇ ಆರನೆಯದು. ಸಂಸ್ಕೃತವು ಬಹುಪಾಲು ಆ ಹೊತ್ತಿಗೇ ಬೀಳುತ್ತಿತ್ತು. ಹಿಂದಿನ ಸಾಲಿನ ಹುಡುಗನೊಬ್ಬನು ಪ್ರತಿದಿನವೂ, ಶಬ್ದರೂಪಗಳನ್ನು ಒಪ್ಪಿಸುವ ಧ್ವನಿ ಏಳುತ್ತಿದ್ದಂತೆ, ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋಗುವನು. ಅವನನ್ನೆಬ್ಬಿಸಿ ಬಯ್ದೆವು, ಬಯ್ಗುಳಕ್ಕೆ ಜಗ್ಗದಿರಲು ಹೊರಗಿನ ಬಿಸಿಲಿನಲ್ಲಿ ನಿಲ್ಲಿಸಿದೆವು. ಅವನು ಒಂದು ದಿನವೂ ಎದುರು ಮಾತಾಡಲಿಲ್ಲ. ಮರುವರ್ಷ ಶಾಲೆಗೆ ಬರಲಿಲ್ಲ. ಅವನು ಬೆಳಗಿನ ನಾಲ್ಕಕ್ಕೆ ಎದ್ದು, ಹಾಲು ಕರೆದು, ಮನೆಮನೆಗೆ ಕೊಟ್ಟು, ಆಮೇಲೆ ಎರಡು ಹರಿದಾರಿ ನಡೆದು ಬರುತ್ತಿದ್ದನೆಂಬುದು ಬಹುಕಾಲದ ಮೇಲೆ ಬೇರೊಬ್ಬರಿಂದ ತಿಳಿಯಿತು. ಈ ಮಾತನ್ನು ಇಲ್ಲಿ ಏಕೆ ತಂದೆವೆಂಬುದನ್ನು ಕಡೆಯಲ್ಲಿ ಹೇಳುವೆವು.

ಸ್ಪೇಯಿನಿನ ಅಪರಾಹ್ಣವನ್ನು ಚಿತ್ರದಲ್ಲಿ ಕಾಣಲಿಚ್ಛಿಸುವವರು ಹ್ವಾಕೀನ್ ಸೊರೋಯಾ ಎಂಬಾತನಿಂದ ಆರಂಭಿಸಬೇಕು. ಈತನು 1863ರಲ್ಲಿ ವೆಲೆನ್ಸಿಯಾ ನಗರದಲ್ಲಿ ಹುಟ್ಟಿ 1923ರಲ್ಲಿ ತೀರಿಕೊಂಡವನು. ಮನೆಯೊಳಗೆ ಕುಳಿತು ಬರೆಯುವುದನ್ನು ಬಿಟ್ಟು ಕಡಲ ತೀರದ ಬಿಸಿಲಿಗೇ ಪಟವನ್ನು ಹೊತ್ತುಕೊಂಡು ಹೋಗುತ್ತಿದ್ದನು. ಮ್ಯಾಡ್ರಿಡ್ಡಿನ ಪ್ರಾದೋ ಚಿತ್ರಶಾಲೆಯಲ್ಲಿರುವ, 1909ರ ‘ಕಡಲ ತೀರದ ಹುಡುಗರು’ ಎಂಬ ಪಟದಲ್ಲಿ ಮೂವರು ಬಾಲಕರು ಅಲೆಯ ಅಂಚಿನಲ್ಲಿ ಬೋರಲಾಗಿ ಮಲಗಿರುವರು. ಒದ್ದೆಯಾದ ಮೈಗಳ ಮೇಲೆ ಬಿದ್ದ ಬೆಳಕು ನೀರಿನಲ್ಲಿಯೂ ಮರಳಿನಲ್ಲಿಯೂ ಒಡೆದು ಹರಡುವುದು. 1911ರ ‘ಸಿಯೆಸ್ತಾ’ ಎಂಬ ಪಟದಲ್ಲಿ ತೆಳುಬಣ್ಣದ ಉಡುಪಿನ ಹೆಂಗಸರು ಹಸುರು ಹುಲ್ಲಿನ ಮೇಲೆ ಮೈಚೆಲ್ಲಿ ಮಲಗಿರುವರು. ಮುಖಗಳು ಸ್ಪಷ್ಟವಿಲ್ಲ, ಕುಂಚವು ಎಲ್ಲಿಯೂ ನಿಂತಿಲ್ಲ. ನಿದ್ದೆಹೋದವರನ್ನು ಎಬ್ಬಿಸಬಾರದೆಂದು ಚಿತ್ರಗಾರನು ಕಾಲಬೆರಳ ಮೇಲೆ ನಡೆದುಹೋದಂತೆ ತೋರುವುದು. ಈ ಪಟವು ಆತನ ಸ್ವಂತ ಮನೆಯಲ್ಲಿಯೇ 1932ರಲ್ಲಿ ತೆರೆದ ಸಂಗ್ರಹಾಲಯಕ್ಕೆ ಸೇರಿದ್ದು.

ಸೊರೋಯಾನ ಅಪರಾಹ್ಣದಲ್ಲಿ ದುಃಖವಿಲ್ಲ. ಇದ್ದರೂ ಬೆಳಕು ಅದನ್ನು ನುಂಗಿಬಿಡುವುದು. ಆದರೆ ಅದೇ ಹೊತ್ತಿಗೆ ಆ ದೇಶದಲ್ಲಿ ಇನ್ನೊಂದು ಮುಖವುಂಟು. ಗೂಳಿಕಾಳಗಗಳು ನಡೆಯುವುದು ಅಪರಾಹ್ಣದಲ್ಲಿಯೇ. ವರ್ತುಲಾಕಾರದ ಆ ರಂಗಸ್ಥಳದಲ್ಲಿ ನೆರಳಿನ ಪೀಠಗಳಿಗೆ ಬೆಲೆ ಹೆಚ್ಚು, ಬಿಸಿಲಿನ ಪೀಠಗಳಿಗೆ ಕಡಮೆ. ಬಡವನ ಪಾಲಿಗೆ ಸೂರ್ಯನು ಅಲ್ಲಿಯೂ ತಪ್ಪಿದ್ದಲ್ಲ. 1934ರ ಆಗಸ್ಟ್ ತಿಂಗಳಲ್ಲಿ ಮಾನ್ಸನಾರೆಸ್ ಎಂಬ ಊರಿನಲ್ಲಿ ಇಗ್ನಾಸಿಯೊ ಸಾಂಚೆಸ್ ಮೆಹೀಯಾಸ್ ಎಂಬ ಹೆಸರಾಂತ ಕಾಳಗಗಾರನು ಗೂಳಿಯ ತಿವಿತಕ್ಕೆ ಸಿಕ್ಕಿ ಎರಡು ದಿನಗಳ ಮೇಲೆ ಮೃತನಾದನು. ಆತನ ಗೆಳೆಯನಾದ ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ 1935ರಲ್ಲಿ ಪ್ರಕಟಿಸಿದ ಶೋಕಗೀತೆಯ ಮೊದಲ ಭಾಗದಲ್ಲಿ ಅಪರಾಹ್ಣದ ಐದು ಗಂಟೆಯೆಂಬುದು ದೇಗುಲದ ಮರಣಘಂಟೆಯಂತೆ ಮರಳಿ ಮರಳಿ ಬಾರಿಸುವುದು. ನಾವು ಮೇಲೆ ಹಾಕಿದ ಲೆಕ್ಕವು ನೆನಪಿದ್ದರೆ, ಈಗಿನ ಗಡಿಯಾರದ ಐದು ಗಂಟೆಯು ಅಪರಾಹ್ಣದ ಹೆಚ್ಚು ಕಡಮೆ ನಡುಮಧ್ಯವೆಂಬುದನ್ನು ವಾಚಕರು ಕಾಣಬಹುದು. ಲೋರ್ಕಾನ ಕಾಲಕ್ಕೆ ಗಡಿಯಾರವು ಇನ್ನೂ ಮುಂದೋಡಿರಲಿಲ್ಲವಾಗಿ ಸೂರ್ಯನು ಮತ್ತಷ್ಟು ವಾಲಿದ್ದನು. ಹೇಗಾದರೂ ಅದು ಹಗಲಿನ ಇಳಿಹೊತ್ತೇ. ನಮ್ಮಲ್ಲಿ ಪಿತೃಗಳಿಗೆ ಮೀಸಲಾದ ಕಾಲವನ್ನೇ ಆ ಕವಿಯು ತನ್ನ ಗೆಳೆಯನ ಸಾವಿಗೂ ಆರಿಸಿಕೊಂಡಂತಾಯಿತು. ಕವಿಯನ್ನೇ ಮರುವರ್ಷ, 1936ರ ಅಂತರ್ಯುದ್ಧದ ಆರಂಭದಲ್ಲಿ, ಗ್ರನಾಡಾ ನಗರದ ಬಳಿ ಕೊಂದರು.

ನಮ್ಮ ಕಾಲದ ಚಿತ್ರಗಾರರಲ್ಲಿ ಮಯೋರ್ಕಾ ದ್ವೀಪದಲ್ಲಿ 1957ರಲ್ಲಿ ಹುಟ್ಟಿದ ಮಿಕೆಲ್ ಬಾರ್ಸೆಲೋ ಎಂಬಾತನು 1990ರ ಸುಮಾರಿನಲ್ಲಿ ಈ ರಂಗಸ್ಥಳಗಳ ಪಟಗಳ ಮಾಲೆಯೊಂದನ್ನೇ ಬರೆದನು. ಅವನ್ನು ಹದ್ದಿನ ಕಣ್ಣಿನಿಂದ, ಮೇಲಿನಿಂದ ಕಂಡಂತೆ ಬರೆದಿರುವನು. ಬಣ್ಣವು ಮಣ್ಣಿನಂತೆ ದಪ್ಪನಾಗಿ ಮೆತ್ತಿದೆ. ಮರಳಿನ ದೊಡ್ಡ ಬಟ್ಟಲಿನ ನಡುವೆ ಮನುಷ್ಯನೂ ಗೂಳಿಯೂ ಎರಡು ಚುಕ್ಕೆಗಳಷ್ಟೇ. ಪ್ರಾಣಕ್ಕೆ ಪ್ರಾಣವನ್ನೊಡ್ಡಿದ ಆ ಕ್ಷಣವೂ ಸೂರ್ಯನ ಕಣ್ಣಿಗೆ ಎಷ್ಟು ಕಿರಿದೆಂಬುದನ್ನು ಈ ಪಟಗಳು ತಿಳಿಸುವುವು.

ಇನ್ನು ಮನೆಯೊಳಗಿನ ಅಪರಾಹ್ಣಕ್ಕೆ ಬರೋಣ. ಗೃಹಿಣಿಯರು ಈ ಭಾಗವನ್ನು ವಿಶೇಷವಾಗಿ ಮೆಚ್ಚುವರೆಂದು ನಂಬಿರುವೆವು. ಇಸಬೆಲ್ ಕಿಂತಾನಿಯಾ ಎಂಬಾಕೆಯು 1938ರಲ್ಲಿ, ಅಂತರ್ಯುದ್ಧದ ನಡುವೆ, ಮ್ಯಾಡ್ರಿಡ್ಡಿನಲ್ಲಿ ಹುಟ್ಟಿದಳು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡಳು. ತಾಯಿಯು ಬಟ್ಟೆ ಹೊಲಿದು ಸಂಸಾರವನ್ನು ಸಾಗಿಸಿದಳು. ಮಗಳು ದೊಡ್ಡ ಚಿತ್ರಗಾರ್ತಿಯಾದ ಮೇಲೆ, 1971ರಲ್ಲಿ, ‘ನನ್ನ ತಾಯಿಗೆ ಗೌರವಾರ್ಪಣೆ’ ಎಂಬ ಹೆಸರಿನ ಪಟವನ್ನು ಬರೆದಳು. ಪಟದಲ್ಲಿ ತಾಯಿಯಿಲ್ಲ, ಇರುವುದು ಹೊಲಿಗೆಯಂತ್ರ. ಉಪಮೇಯವನ್ನು ಹೇಳದೆ ಬಿಟ್ಟು ಉಪಮಾನದಿಂದಲೇ ಅರ್ಥವನ್ನು ಹೊಳೆಯಿಸುವುದು ನಮ್ಮ ಆಲಂಕಾರಿಕರು ಮೆಚ್ಚಿದ ಮಾರ್ಗ. ಆದರೆ ಯಂತ್ರದ ಮುಂದೆ ಕುಳಿತವಳು ಈಗತಾನೆ ಎದ್ದುಹೋದಳೇನೋ ಎಂಬ ಭಾವವು ಮೂಡುವುದಕ್ಕೆ ಯಾವ ಅಲಂಕಾರಶಾಸ್ತ್ರವೂ ಬೇಕಾಗಿಲ್ಲ. ತಾಯಂದಿರ ದುಡಿಮೆಯನ್ನು ಕಂಡವರೆಲ್ಲರಿಗೂ ಅದು ತಾನಾಗಿ ತಿಳಿಯುವುದು.

ಕಿಂತಾನಿಯಾ ಬರೆದ ವಸ್ತುಗಳು ತೀರ ಸಾಮಾನ್ಯವಾದುವು. ಅಡಿಗೆಮನೆಯ ಗಾಜಿನ ಲೋಟ, ಅರ್ಧ ತೆರೆದ ಬಾಗಿಲು, ಕಿಟಕಿ, ದೂರವಾಣಿ ಯಂತ್ರ. ಲೋಟದಲ್ಲಿ ಅರ್ಧ ನೀರು. ನೀರಿನ ಮೂಲಕ ಹಾದ ಬೆಳಕು ಗೋಡೆಯ ಮೇಲೆ ಒಂದು ಸಣ್ಣ ಮಚ್ಚೆಯಾಗಿ ನಿಂತಿರುವುದು. ಇಷ್ಟರಿಂದಲೇ ಆಕೆಯು ಮನೆಯವರೆಲ್ಲ ಒಳಗೆ ಮಲಗಿರುವ ಹೊತ್ತಿನ ನಿಶ್ಶಬ್ದವನ್ನು ಕೇಳಿಸುವಳು. ಆಕೆಯ ಪಟಗಳನ್ನು ಬಹುಕಾಲ ಸ್ವದೇಶಕ್ಕಿಂತ ಜರ್ಮನಿಯವರೇ ಹೆಚ್ಚಾಗಿ ಕೊಂಡರು. 2017ರಲ್ಲಿ ಆಕೆಯು ತೀರಿಕೊಂಡಳು. 2024ರಲ್ಲಿ ಮ್ಯಾಡ್ರಿಡ್ಡಿನ ಥೀಸೆನ್ ಸಂಗ್ರಹಾಲಯವು ಆಕೆಯ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಸ್ಪ್ಯಾನಿಷ್ ಸ್ತ್ರೀಯೊಬ್ಬಳಿಗೇ ಮೀಸಲಾದ ಪ್ರದರ್ಶನವು ಆ ಸಂಸ್ಥೆಯಲ್ಲಿ ಅದೇ ಮೊದಲನೆಯದು. ಮನ್ನಣೆಯೂ ಒಮ್ಮೊಮ್ಮೆ ಅಪರಾಹ್ಣವು ಕಳೆದ ಮೇಲೆಯೇ ಬರುವುದು.

ದಕ್ಷಿಣದಲ್ಲಿ, ಗ್ವಾದಲ್ಕಿವಿರ್ ನದಿಯು ಸಮುದ್ರವನ್ನು ಸೇರುವಲ್ಲಿ, ಸಾನ್‌ಲೂಕಾರ್ ಎಂಬ ಊರು ಇರುವುದು. 1519ರಲ್ಲಿ ಮೆಗೆಲನ್ನನ ಹಡಗುಗಳು ಭೂಪ್ರದಕ್ಷಿಣೆಗೆ ಹೊರಟುದು ಇಲ್ಲಿಂದಲೇ. ಸೆವಿಲ್‌ನಲ್ಲಿ 1934ರಲ್ಲಿ ಹುಟ್ಟಿದ ಕಾರ್ಮೆನ್ ಲಾಫೋನ್ ಎಂಬ ಚಿತ್ರಗಾರ್ತಿಯು ಈ ಊರಿನಿಂದ ಎದುರು ದಡದ ದೊನ್ಯಾನಾ ಅರಣ್ಯವನ್ನು ದಶಕಗಳ ಕಾಲ ಬರೆದಳು. ಒಂದು ಪಟ್ಟಿ ಮರಳು, ಒಂದು ಪಟ್ಟಿ ನೀರು, ಒಂದು ಪಟ್ಟಿ ಮಸುಕಾದ ಮರಗಳು, ಮೇಲೆ ಆಕಾಶ: ಆಕೆಯ ಪಟದಲ್ಲಿ ಇದಕ್ಕಿಂತ ಹೆಚ್ಚೇನೂ ಇರದು. ಹಡಗು ಹತ್ತಿ ಲೋಕವನ್ನು ಸುತ್ತಿದವರ ಊರಿನಲ್ಲಿ ಆಕೆಯು ಒಂದೇ ದಡವನ್ನು ನೋಡುತ್ತ ಕುಳಿತಳು. 2021ರಲ್ಲಿ ಅದೇ ಊರಿನಲ್ಲಿ ಕಣ್ಣು ಮುಚ್ಚಿದಳು. ಹೊತ್ತು ಬದಲಾದಂತೆ ದಡವೂ ಬೇರೆಯಾಗುತ್ತಿದ್ದುದರಿಂದ ಆಕೆಗೆ ನೋಡುವುದು ಮುಗಿಯಲೇ ಇಲ್ಲ.

ಈ ಎಲ್ಲರ ನಡುವೆ ಎತ್ತರದಲ್ಲಿ ನಿಲ್ಲುವ ಹೆಸರು ಆಂಟೋನಿಯೊ ಲೋಪೆಸ್ ಗಾರ್ಸಿಯಾ ಎಂಬಾತನದು. ಈತನು 1936ರಲ್ಲಿ, ಡಾನ್ ಕ್ವಿಕ್ಸೋಟನ ಕಥೆಯಿಂದ ಲೋಕಕ್ಕೆ ತಿಳಿದ ಲಾ ಮಾಂಚಾ ಸೀಮೆಯ ತೊಮೆಯೋಸೊ ಎಂಬ ಊರಿನಲ್ಲಿ ಹುಟ್ಟಿದನು. ಬಾಲ್ಯದಲ್ಲಿ ಚಿತ್ರಗಾರನಾದ ಚಿಕ್ಕಪ್ಪನೇ ಗುರು. ಈತನ ತಾಳ್ಮೆಯ ವಿಷಯದಲ್ಲಿ ಎರಡು ಮಾತು ಹೇಳಿದರೆ ಸಾಕು. ಮ್ಯಾಡ್ರಿಡ್ಡಿನ ಗ್ರಾನ್ ವೀಯಾ ಎಂಬ ರಾಜಬೀದಿಯ ಪಟವನ್ನು 1974ರಲ್ಲಿ ಆರಂಭಿಸಿ 1981ರಲ್ಲಿ ಮುಗಿಸಿದನು. ಬೇಸಗೆಯ ಮುಂಜಾವಿನಲ್ಲಿ ಆರೂವರೆಯ ಬೆಳಕು ನಿಲ್ಲುವ ಕೆಲವೇ ನಿಮಿಷಗಳಲ್ಲಿ ಮಾತ್ರ ಕುಂಚ ಹಿಡಿಯುವುದು. ಬೆಳಕು ತಿರುಗಿತೆಂದರೆ ಮನೆಗೆ ನಡೆಯುವುದು. ಆ ದೇಶದ ರಾಜಕುಟುಂಬದ ಚಿತ್ರವನ್ನು 1994ರಲ್ಲಿ ಕೈಗೊಂಡು 2014ರಲ್ಲಿ ಒಪ್ಪಿಸಿದನು. ಇಪ್ಪತ್ತು ವರ್ಷಗಳು! ಅಷ್ಟರಲ್ಲಿ ಚಿತ್ರದಲ್ಲಿದ್ದ ರಾಜನೇ ಸಿಂಹಾಸನವನ್ನು ಮಗನಿಗೆ ಬಿಟ್ಟುಕೊಟ್ಟಿದ್ದನು.

ಇಂಥವನು 1990ರ ಶರತ್ಕಾಲದಲ್ಲಿ ತನ್ನ ಮನೆಯ ಅಂಗಳದಲ್ಲಿದ್ದ ಒಂದು ಗಿಡವನ್ನು ಬರೆಯತೊಡಗಿದನು. ಸ್ಪ್ಯಾನಿಷರು ಅದಕ್ಕೆ ಮೆಂಬ್ರಿಯೊ ಎನ್ನುವರು. ಸೇಬಿನ ಬಳಗಕ್ಕೆ ಸೇರಿದ ಇದರ ಹಣ್ಣು ಮಾಗಿದಾಗ ಹೊಂಬಣ್ಣ ತಾಳಿ ಕಂಪು ಬೀರುವುದು. ನಮ್ಮ ದೇಶದ ಯುನಾನಿ ವೈದ್ಯರು ಬಳಸುವ ಬೀಹಿದಾನವು ಇದರ ಬೀಜವೇ. ವಿಕ್ಟರ್ ಎರೀಸೆ ಎಂಬ ನಿರ್ದೇಶಕನು ಆ ಕೆಲಸವನ್ನೆಲ್ಲ ಪಕ್ಕದಲ್ಲಿದ್ದು ಚಲಚ್ಚಿತ್ರವಾಗಿ ಹಿಡಿದನು. ‘ಮೆಂಬ್ರಿಯೊ ಮರದ ಸೂರ್ಯ’ ಎಂಬರ್ಥದ ಹೆಸರಿನ ಆ ಚಿತ್ರವು 1992ರಲ್ಲಿ ಹೊರಬಂದು ಕ್ಯಾನ್ ನಗರದ ಉತ್ಸವದಲ್ಲಿ ತೀರ್ಪುಗಾರರ ಬಹುಮಾನವನ್ನು ಪಡೆಯಿತು. ನಾವು ಅದನ್ನು ಎರಡು ಅಪರಾಹ್ಣಗಳಲ್ಲಿ ನೋಡಿ ಮುಗಿಸಿದೆವು.

ಅದರಲ್ಲಿ ಕಥೆಯೆಂಬುದಿಲ್ಲ. ಚಿತ್ರಗಾರನು ಗಿಡದ ಮುಂದೆ ತೂಕದ ಗುಂಡನ್ನು ಕಟ್ಟಿದ ದಾರವನ್ನು ಇಳಿಬಿಡುವನು. ತನ್ನ ಪಾದಗಳು ನಿತ್ಯವೂ ಒಂದೇ ಕಡೆ ನಿಲ್ಲಲೆಂದು ನೆಲಕ್ಕೆ ಮೊಳೆ ಹೊಡೆಯುವನು. ಎಲೆಗಳ ಮೇಲೆಯೂ ಹಣ್ಣುಗಳ ಮೇಲೆಯೂ ಬಿಳಿಯ ಬಣ್ಣದಿಂದ ಗುರುತುಗಳನ್ನಿಡುವನು. ಏಕೆಂದರೆ ಹಣ್ಣು ಮಾಗಿದಷ್ಟೂ ಭಾರವಾಗಿ, ಕೊಂಬೆ ಬಾಗಿ, ಗುರುತುಗಳು ದಿನದಿನಕ್ಕೂ ಕೆಳಗಿಳಿಯುತ್ತಿರುವುವು. ಮನೆಯೊಳಗೆ ಕೂಲಿಗಳು ಗೋಡೆಯನ್ನು ದುರಸ್ತಿ ಮಾಡುತ್ತಿರುವರು. ಬಾನುಲಿಯು ಲೋಕದ ವಾರ್ತೆಗಳನ್ನು ಹೇಳುತ್ತಿರುವುದು. ಹಳೆಯ ಗೆಳೆಯನೊಬ್ಬನು ಬಂದು ವಿದ್ಯಾರ್ಥಿದೆಸೆಯ ನೆನಪುಗಳನ್ನು ತೆಗೆಯುವನು. ಲೋಪೆಸನಿಗೆ ಬೇಕಾದುದು ಆ ಹಣ್ಣುಗಳ ಮೇಲೆ ಬೀಳುವ ಶರತ್ಸೂರ್ಯನ ಬೆಳಕು ಮಾತ್ರ. ಶರತ್ತೆಂದರೆ ವರ್ಷದ ಅಪರಾಹ್ಣವಲ್ಲವೆ?

ಆದರೆ ಮೋಡ ಕವಿಯಿತು, ಮಳೆ ಹಿಡಿಯಿತು. ಗಿಡಕ್ಕೆ ಚಪ್ಪರ ಹಾಕಿದರೂ ಸೂರ್ಯನನ್ನು ಕಟ್ಟಿ ತರುವುದೆಂತು? ಬಣ್ಣದ ಪಟವನ್ನು ಆತನು ಅರ್ಧಕ್ಕೇ ಬಿಟ್ಟು ನೆಲಮಾಳಿಗೆಗೆ ಒಯ್ದಿಟ್ಟನು. ಬೆಳಕಿನ ಆಸೆಯನ್ನು ತೊರೆದು ಸೀಸದ ಕಡ್ಡಿಯಿಂದ ರೇಖೆಯನ್ನಾದರೂ ಹಿಡಿಯೋಣವೆಂದು ಹೊರಟನು. ಹಣ್ಣುಗಳು ಒಂದೊಂದಾಗಿ ಕಳಚಿ ಬಿದ್ದುವು. ಅದೂ ಮುಗಿಯಲಿಲ್ಲ. ಆತನ ಮುಖದಲ್ಲಿ ನಾವು ರೋಷವನ್ನು ಹುಡುಕಿದೆವು; ಕಾಣಲಿಲ್ಲ. ಮುಗಿಸುವುದಕ್ಕಿಂತ ಗಿಡದ ಬಳಿಯಲ್ಲಿರುವುದೇ ಆತನಿಗೆ ಮುಖ್ಯವಾಗಿದ್ದಿತು. ಕೊನೆಯಲ್ಲಿ ಚಳಿಗಾಲವು ಕಳೆದು ವಸಂತವು ಬರುವುದು. ಉದುರಿದ ಹಣ್ಣುಗಳು ನೆಲದಲ್ಲಿ ಕರಿದಾಗಿ ಸುಕ್ಕಿ ಬಿದ್ದಿರುವುವು. ಗಿಡವು ಮತ್ತೆ ಚಿಗುರಿರುವುದು.

ಚಿತ್ರವು ಮುಗಿದ ಮೇಲೆ ನಾವು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆವು. ಸ್ಪೇಯಿನಿನ ಈ ಅಪರಾಹ್ಣದ ರಸವಾವುದು? ಸೊರೋಯಾನಲ್ಲಿ ಅದು ಹರ್ಷ, ಲೋರ್ಕಾನಲ್ಲಿ ಶೋಕ, ಕಿಂತಾನಿಯಾಳಲ್ಲಿ ಶಾಂತ. ಆದರೆ ಇವೆಲ್ಲಕ್ಕೂ ಅಡಿಯಲ್ಲಿ ಒಂದು ಸ್ಥಾಯಿಯುಂಟು. ಬೆಳಗಿನ ಬೆಳಕು ಬರುತ್ತಿರುವ ಬೆಳಕು, ಅದರಲ್ಲಿ ಭರವಸೆಯುಂಟು. ಸಂಜೆಯ ಬೆಳಕು ಹೋಗಿಯೇಬಿಟ್ಟ ಬೆಳಕು. ಅಪರಾಹ್ಣದ್ದು ಇನ್ನೂ ತುಂಬಿರುವಾಗಲೇ ಹೊರಟುನಿಂತ ಬೆಳಕು. ಮನೆಗೆ ಬಂದ ನೆಂಟರು ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು, ಎದ್ದೂ ಏಳದೆ ಕುಳಿತಿರುವಂತೆ ಅದು ಇರುವುದು. ಇಂಥ ಹೊತ್ತಿನಲ್ಲಿ ಮಾಡತಕ್ಕ ಕೆಲಸವೊಂದೇ. ಇರುವವರನ್ನು ಕಣ್ತುಂಬ ನೋಡಿಕೊಳ್ಳುವುದು. ಪಿತೃಗಳ ನೆನಪಿಗೆ ಈ ಹೊತ್ತು ಏಕೆ ತಕ್ಕುದೆಂಬುದು ನಮಗೆ ಆಗ ಹೊಳೆಯಿತು. ನೆನೆಯುವುದೆಂದರೆ ಆಗ ಸಾಕಷ್ಟು ನೋಡದೆ ಬಿಟ್ಟುದನ್ನು ಈಗ ನೋಡುವುದು.

ಅದಕ್ಕಾಗಿಯೇ ಆ ಹುಡುಗನ ಮಾತನ್ನು ಮೇಲೆ ತಂದೆವು. ಒಂದು ಗಿಡವು ಎಷ್ಟು ಬಾಗಿತೆಂಬುದನ್ನು ತಿಳಿಯಲು ಒಬ್ಬನು ಎಲೆ ಎಲೆಗೂ ಗುರುತಿಟ್ಟನು. ನಮ್ಮ ಕಣ್ಣೆದುರಿಗೆ ಒಂದು ಮಗುವು ಒಂದು ವರ್ಷವೆಲ್ಲ ದಿನದಿನಕ್ಕೂ ಬಾಗುತ್ತಿದ್ದಿತು. ನಾವು ಶಬ್ದರೂಪಗಳನ್ನು ತಿದ್ದುತ್ತಿದ್ದೆವು. ಏಕೆ ನಿದ್ದೆ ಬರುವುದಪ್ಪಾ ಎಂದು ಒಂದು ಸಲವಾದರೂ ಕೇಳಿದ್ದರೆ ಅವನು ಹೇಳುತ್ತಿದ್ದನು. ಅವನು ಹೊರಟುಹೋದ ಮೇಲೆ ಆ ಸ್ಥಳವು ಬರಿದಾಯಿತೆಂಬುದನ್ನು ಕೂಡ ನಾವು ಹಾಜರಿಪುಸ್ತಕದಿಂದ ತಿಳಿದೆವು.

ಈ ಲೇಖನವನ್ನೋದುವ ತಾಯಂದಿರಿಗೂ ಮಹನೀಯರಿಗೂ ನಮ್ಮ ವಿಜ್ಞಾಪನೆಯಿಷ್ಟೆ. ಸ್ಪೇಯಿನಿಗೆ ಹೋಗುವುದು ಎಲ್ಲರಿಗೂ ಸಾಧ್ಯವಲ್ಲ, ಅಗತ್ಯವೂ ಇಲ್ಲ. ನಾಳೆ ಪಾತ್ರೆಗಳನ್ನೆಲ್ಲ ತೊಳೆದಿಟ್ಟ ಮೇಲೆ, ಮನೆಯವರೆಲ್ಲ ಮಲಗಿರುವಾಗ, ಕಾಲು ಗಂಟೆ ಹೊತ್ತು ಕಿಟಕಿಯ ಬಳಿ ಕುಳಿತುಕೊಳ್ಳಿರಿ. ಬಿಸಿಲು ಗೋಡೆಯ ಯಾವ ಕಲೆಯ ಮೇಲಿದ್ದುದು ಯಾವ ಕಲೆಗೆ ಸರಿಯಿತೆಂದು ನೋಡಿರಿ. ಮಲಗಿರುವ ಮಕ್ಕಳ ಮುಖವನ್ನೂ ಒಮ್ಮೆ ನೋಡಿರಿ, ಎಬ್ಬಿಸಬೇಡಿರಿ. ನಾವು ಇದನ್ನು ಬರೆದು ಮುಗಿಸುವಷ್ಟರಲ್ಲಿ ನಮ್ಮ ಮನೆಯ ನೆರಳು ಅಂಗಳವನ್ನು ದಾಟಿ ತುಳಸಿಯ ಕಟ್ಟೆಯನ್ನು ಮುಟ್ಟಿರುವುದು. ಒಳಗೆ ಮೊಮ್ಮಗನು ಪುಸ್ತಕದ ಮೇಲೆಯೇ ತಲೆಯಿಟ್ಟು ನಿದ್ದೆಹೋಗಿರುವನು. ಪಾಠವು ಸಂಜೆಗಾದೀತು.